ನೋರಾ ಸುಲಿವಾನ್ ಸಿಗ್ತಿಲ್ಲ: ಶಾಲೆ ದಾಖಲೆ ಇದೆ, ಚರ್ಚ್ ದಾಖಲೆ ಇಲ್ಲ (ಕೌಂಟಿ ಕಾರ್ಕ್, 1870ರ ಸುಮಾರು)

ಕಾರ್ಕ್ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು, ಒಂಬತ್ತು ವರ್ಷದಿಂದ ಐರ್ಲೆಂಡಿನ ಕಾರ್ಕ್‌ನಲ್ಲಿದ್ದೇನೆ. ಗಂಡ ಇಲ್ಲಿಯವರೇ. ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದಾರೆ. ನನ್ನ ಕಡೆಯದನ್ನು ಅಪ್ಪ ಫೋನಿನಲ್ಲೇ ಒಂದೇ ಉಸಿರಿಗೆ ಒಪ್ಪಿಸಿದರು. ಗಂಡನ ಕಡೆಯದು ಅತ್ತೆಯ ಅಜ್ಜಿಯ ಹತ್ತಿರ ಬಂದು ನಿಂತುಬಿಟ್ಟಿದೆ.

ಅಜ್ಜಿ ನೋರಾ ಸುಲಿವಾನ್. "ಕ್ಯಾಸಲ್‌ಟೌನ್‌ಬೇರ್‌ನವಳು" ಅಂತ ಅತ್ತೆ ಹೇಳುತ್ತಾರೆ. ಹುಡುಗಿಯರ ನ್ಯಾಷನಲ್ ಸ್ಕೂಲಿನ ದಾಖಲಾತಿ ಪುಸ್ತಕದ ಒಂದು ಪುಟದ ಫೋಟೋ ನಮ್ಮ ಹತ್ತಿರ ಇದೆ. ಅತ್ತೆಯ ತಮ್ಮ ಯಾವಾಗಲೋ ತೆಗೆದಿಟ್ಟದ್ದು. ಅದರಲ್ಲಿ ನೋರಾ 1879ರ ಮೇ ತಿಂಗಳಲ್ಲಿ ಶಾಲೆ ಸೇರಿದ್ದಾಳೆ. ವಯಸ್ಸು 7, ಅಪ್ಪನ ಕೆಲಸ ಗಣಿಯಲ್ಲಿ. ಆದರೆ 1901ರ ಜನಗಣತಿಯಲ್ಲಿ ಗಂಡನ ಮನೆಯಲ್ಲಿರುವ ನೋರಾಗೆ ವಯಸ್ಸು 26. ಲೆಕ್ಕವೇ ತಾಳೆಯಾಗುವುದಿಲ್ಲ.

ನ್ಯಾಷನಲ್ ಲೈಬ್ರರಿಯವರು ಆನ್‌ಲೈನ್‌ನಲ್ಲಿ ಹಾಕಿರುವ ಕ್ಯಾಥೊಲಿಕ್ ರಿಜಿಸ್ಟರುಗಳಲ್ಲಿ ಕಾರ್ಕ್ ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ವ್ಯಾಪ್ತಿಯ) ಪಟ್ಟಿ ಪೂರ್ತಿ ನೋಡಿದೆ. ಕ್ಯಾಸಲ್‌ಟೌನ್‌ಬೇರ್ ಅದರಲ್ಲಿ ಇಲ್ಲವೇ ಇಲ್ಲ. ನೋರಾ ಅನ್ನುವ ಹೆಸರು ಹಾಕಿ ದುಡ್ಡು ಕಟ್ಟುವ ಒಂದು ಸೈಟ್‌ನಲ್ಲೂ ಹುಡುಕಿದೆ, ಏನೂ ಬರಲಿಲ್ಲ. 1881, 1891ರ ಜನಗಣತಿ ಬೇಕಾದರೆ ಇನ್ನೂ ದೊಡ್ಡ ಪ್ಯಾಕೇಜ್ ತೆಗೆದುಕೊಳ್ಳಬೇಕೇನೋ ಅಂದುಕೊಂಡಿದ್ದೇನೆ. ತೆಗೆದುಕೊಳ್ಳಲಾ?

ಲಿಫಿ ದಂಡೆ:

ಬೇಡ ಮೇಡಂ, ದುಡ್ಡು ಉಳಿಸಿ. 1881 ಮತ್ತು 1891ರ ಐರಿಷ್ ಜನಗಣತಿ ಯಾರ ಹತ್ತಿರವೂ ಇಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದಕ್ಕೆ ಬರ ಬಂತು, ಸರ್ಕಾರವೇ ಅವನ್ನು ರದ್ದಿಗೆ ಹಾಕಿತು. 1861, 1871ರದ್ದನ್ನು ಅದಕ್ಕೂ ಮೊದಲೇ ನಾಶ ಮಾಡಿದ್ದರು. 1821ರಿಂದ 1851ರವರೆಗಿನವು ಬಹುಪಾಲು 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಸರ್ಕಾರಿ ದಾಖಲೆ ಕಚೇರಿಯಲ್ಲಿ ಸುಟ್ಟುಹೋದವು. ಎಲ್ಲರೂ ಆ ಬೆಂಕಿಯನ್ನೇ ಬಯ್ಯುತ್ತಾರೆ. ಅರ್ಧ ಪಾಲು ಪಾಪ ಗುಮಾಸ್ತರದ್ದು.

1901 ಮತ್ತು 1911 ಪೂರ್ತಿ ಉಳಿದಿವೆ, ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅದಕ್ಕೂ ಹಿಂದೆ ಹೋಗಬೇಕೆಂದರೆ ಚರ್ಚ್ ಪುಸ್ತಕ, ಶಾಲೆ ಪುಸ್ತಕಗಳೇ ಗತಿ.

ಹಳೇ ಕಡತ:

ಕನ್ನಡತಿಯವರೇ, ಧರ್ಮಪ್ರಾಂತ್ಯ ತಪ್ಪಿದೆ. ಬೇರಾ ಪರ್ಯಾಯದ್ವೀಪದ ಆ ಭಾಗ ಸರ್ಕಾರಿ ಲೆಕ್ಕದಲ್ಲಿ ಕೌಂಟಿ ಕಾರ್ಕ್. ಚರ್ಚಿನ ಲೆಕ್ಕದಲ್ಲಿ ಕೆರಿ ಧರ್ಮಪ್ರಾಂತ್ಯ. ಪಾದ್ರಿಗಳ ಗಡಿ ಕೌಂಟಿಗಳ ಗಡಿಗಿಂತ ಹಳೆಯದು, ಒಂದಕ್ಕೊಂದು ಕೂಡುವುದಿಲ್ಲ. ಕೆರಿ ಅಂತ ಆರಿಸಿ ನೋಡಿ, ಊರು ಅಲ್ಲಿ ಕೂತಿರುತ್ತದೆ.

ಇನ್ನೊಂದು ಅನುಮಾನ. ಅಪ್ಪ ಗಣಿಯವನು ಅಂದಿರಿ. ಅಲ್ಲಿ ತಾಮ್ರದ ಗಣಿ ಇದ್ದದ್ದು ಕ್ಯಾಸಲ್‌ಟೌನ್‌ನಲ್ಲಿ ಅಲ್ಲ, ಇನ್ನೂ ಪಶ್ಚಿಮಕ್ಕೆ, ಅಲಿಹೀಸ್‌ನಲ್ಲಿ. 1812ರಲ್ಲಿ ಶುರುವಾದ ಗಣಿ ಅದು. ಅಲಿಹೀಸ್‌ಗೆ ಬೇರೆಯೇ ಪ್ಯಾರಿಷ್ (ಒಬ್ಬ ಪಾದ್ರಿಯ ಕೆಳಗಿನ ಊರುಗಳ ಗುಂಪು), ಬೇರೆಯೇ ಪುಸ್ತಕ. ಕ್ಯಾಸಲ್‌ಟೌನ್ ಅನ್ನುವುದು ಹತ್ತಿರದ ಪೇಟೆಯ ಹೆಸರು ಅಷ್ಟೇ. ನೀವು ಶಿರಸಿ ಅಂದ ಹಾಗೆ! ನಿಮ್ಮ ಮನೆ ಇರುವುದು ಶಿರಸಿ ಪೇಟೆಯಲ್ಲೇನಾ?

ಹೆಸರು ನೋರಾ ಅಂತ ಹುಡುಕಿದರೆ ಬರುವುದು ಕಷ್ಟ. ಅದು ಮನೆಯಲ್ಲಿ ಕರೆಯುವ ಹೆಸರು. ಪಾದ್ರಿ ಬರೆದದ್ದು ಹೊನೋರಾ, ಹನೋರಾ, ಹೀಗೆ ಏನಾದರೂ ಇರುತ್ತದೆ. ಡೀಲಿಯಾ ಹುಡುಕುವವರು ಬ್ರಿಜೆಟ್ ನೋಡಬೇಕು, ಇದೂ ಹಾಗೇ.

ಆದರೆ ಇದಕ್ಕೆಲ್ಲ ಮೊದಲು ಒಂದು ಪ್ರಶ್ನೆ. ಶಾಲೆಯ ನೋರಾ ಮತ್ತು ನಿಮ್ಮ ಮನೆಯ ನೋರಾ ಒಬ್ಬಳೇ ಅಂತ ಹೇಗೆ ಗೊತ್ತು? ಸುಲಿವಾನ್ ಅವಳ ತವರಿನ ಹೆಸರಾ, ಗಂಡನ ಹೆಸರಾ? ಬೇರಾದಲ್ಲಿ ಕಲ್ಲು ಎಸೆದರೆ ಸುಲಿವಾನ್‌ಗೆ ತಾಗುತ್ತದೆ. ಮೊದಲು ಸಿವಿಲ್ ಮದುವೆ ದಾಖಲೆ, ಅಂದರೆ ಸರ್ಕಾರಿ ರಿಜಿಸ್ಟರಿನದು, ತೆಗೆಯಿರಿ. ಐರಿಷ್‌ಜೀನಿಯಾಲಜಿ ಅನ್ನುವ ಸರ್ಕಾರಿ ಸೈಟ್‌ನಲ್ಲಿ ಪುಟದ ಚಿತ್ರವೇ ಸಿಗುತ್ತದೆ, ದುಡ್ಡಿಲ್ಲ. ಅದರಲ್ಲಿ ಹುಡುಗ, ಹುಡುಗಿ ಇಬ್ಬರ ಅಪ್ಪಂದಿರ ಹೆಸರು, ಕೆಲಸ ಇರುತ್ತದೆ. ಹುಡುಗಿ ಎಲ್ಲಿಯವಳು ಅಂತಲೂ ಇರುತ್ತದೆ.

ಕಾರ್ಕ್ ಕನ್ನಡತಿ:

ಅಯ್ಯೋ, ನಮ್ಮ ಮನೆ ಶಿರಸಿಯಿಂದ ಹದಿನಾಲ್ಕು ಕಿಲೋಮೀಟರ್ ಆಚೆ. ಸಿಕ್ಕಿಬಿದ್ದೆ!

ಮದುವೆ ದಾಖಲೆ ಸಿಕ್ಕಿತು, 1899. ತವರು ಸುಲಿವಾನ್, ಗಂಡನೂ ಸುಲಿವಾನ್. ಅತ್ತೆ "ನಾನು ಹೇಳಿರಲಿಲ್ವಾ?" ಅಂದರು. ಹೇಳಿರಲಿಲ್ಲ. ಇಬ್ಬರ ವಯಸ್ಸಿನ ಜಾಗದಲ್ಲಿ "ವಯಸ್ಕರು" ಅಂತ ಮಾತ್ರ ಇದೆ. ಅವಳ ಅಪ್ಪ ಮೈಕಲ್, ಗಣಿ ಕೆಲಸ. ಊರು ಬ್ಯಾಲಿಡೊನೆಗನ್. ಶಾಲೆಯ ಪುಟವನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ. ವಾಸದ ಕಾಲಂನಲ್ಲಿ ಮಸಿ ಚೆಲ್ಲಿದೆ, ಆದರೆ "ಬ್ಯಾಲಿಡ" ತನಕ ಓದಬಹುದು.

ಅಲಿಹೀಸ್ ಪುಸ್ತಕವನ್ನೂ ತೆರೆದೆ. ಹೆಸರಿನ ಸೂಚಿ ಇಲ್ಲ, ಪುಟ ತಿರುವುತ್ತಲೇ ಹೋಗಬೇಕು. ಎರಡು ರಾತ್ರಿ ಕೂತೆ. 1871ರಿಂದ 1875ರೊಳಗೆ ಹೊನೋರಾ ಸುಲಿವಾನ್ ಮೂವರು! ಒಬ್ಬಳ ಅಪ್ಪ ಜಾನ್, ಬಿಟ್ಟೆ. ಉಳಿದಿಬ್ಬರ ಅಪ್ಪನ ಹೆಸರು ಮೈಕೇಲಿಸ್ ಅಂತಿದೆ, ಮೈಕಲ್ ಅಲ್ಲ. ಇವರು ಬೇರೆಯವರಾ?

ಹಳೇ ಕಡತ:

ಅದು ಲ್ಯಾಟಿನ್. ವಿಭಕ್ತಿ ಪ್ರತ್ಯಯ ಹತ್ತಿದೆ ಅಷ್ಟೇ. "ಹೊನೋರಾಂ" ಅಂದರೆ ಹೊನೋರಾಳನ್ನು, "ಫಿಲಿಯಾಂ ಮೈಕೇಲಿಸ್" ಅಂದರೆ ಮೈಕಲ್‌ನ ಮಗಳನ್ನು. ಮೈಕೇಲಿಸ್ ನಿಮ್ಮ ಮೈಕಲ್ಲೇ. ಜಾಕೋಬಸ್ ಕಂಡರೆ ಜೇಮ್ಸ್, ಗುಲಿಯೆಲ್ಮಸ್ ಕಂಡರೆ ವಿಲಿಯಂ ಅಂತ ಓದಿಕೊಳ್ಳಿ. ಮನೆಯಲ್ಲಿ ಯಾರೂ ಅವರನ್ನು ಹಾಗೆ ಕರೆದಿರಲಿಕ್ಕಿಲ್ಲ.

ಈಗ ಇಬ್ಬರಲ್ಲಿ ಒಬ್ಬಳನ್ನು ಆರಿಸಬೇಕು. ಪ್ರತಿ ನಮೂದಿನಲ್ಲೂ ತಾಯಿಯ ತವರಿನ ಹೆಸರು, ಗಾಡ್‌ಫಾದರ್, ಗಾಡ್‌ಮದರ್ ಹೆಸರು ಇರುತ್ತದೆ. ಕೆಲವು ಪಾದ್ರಿಗಳು ಟೌನ್‌ಲ್ಯಾಂಡ್ ಕೂಡ ಬರೆಯುತ್ತಾರೆ. ಟೌನ್ ಅಂತ ಹೆಸರಿದ್ದರೂ ಅದು ನಮ್ಮ ಮಜರೆ ಇದ್ದ ಹಾಗೆ, ಕೆಲವೇ ಮನೆ. ಸುಲಿವಾನ್ ಸಮುದ್ರದಲ್ಲಿ ಮನುಷ್ಯರನ್ನು ಬೇರೆ ಮಾಡುವುದು ಅದೊಂದೇ. ಎರಡನ್ನೂ ಇಲ್ಲಿ ಬರೆಯಿರಿ.

1901ರ ವಯಸ್ಸಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಶಾಲೆಯಲ್ಲಿ ಬರೆದದ್ದು ಹಿಂದಿನ ಹುಟ್ಟುಹಬ್ಬಕ್ಕೆ ತುಂಬಿದ ವಯಸ್ಸು. ಏಳು ವರ್ಷದ ಮಗುವಿಗೆ ವಯಸ್ಸು ಕಡಿಮೆ ಹೇಳಬೇಕಾದ ಹಂಗಿಲ್ಲ. ಹೊಸ ಮದುವಣಗಿತ್ತಿಗೆ ಇರಬಹುದು, ಅಲ್ವಾ? 1911ರಲ್ಲಿ ಇದರ ಉಲ್ಟಾ ನೋಡಬಹುದು. 1909ರ ಜನವರಿಯಿಂದ 70 ದಾಟಿದವರಿಗೆ ಪಿಂಚಣಿ ಶುರುವಾಯಿತು. ಸಿವಿಲ್ ಜನನ ದಾಖಲೆ ಶುರುವಾದದ್ದೇ 1864ರಲ್ಲಿ, ಹಾಗಾಗಿ ಮುದುಕರ ಹತ್ತಿರ ಜನನ ಪತ್ರ ಇರಲಿಲ್ಲ. ಹತ್ತು ವರ್ಷದಲ್ಲಿ ಹದಿನೈದು ವರ್ಷ ಮುದುಕರಾದವರು ಆ ಜನಗಣತಿಯಲ್ಲಿ ಬೇಕಾದಷ್ಟು ಸಿಗುತ್ತಾರೆ.

ಕಾರ್ಕ್ ಕನ್ನಡತಿ:

ಒಬ್ಬಳು: ಜ್ಞಾನಸ್ನಾನ (ಬ್ಯಾಪ್ಟಿಸಂ) 1872ರ ಫೆಬ್ರುವರಿ 11. ತಾಯಿ ಮೇರಿ ಹ್ಯಾರಿಂಗ್ಟನ್. ಊರಿನ ಜಾಗದಲ್ಲಿ "ಬ್ಯಾಲಿಡನಿಗನ್". ಇನ್ನೊಬ್ಬಳು: 1874ರ ಅಕ್ಟೋಬರ್. ತಾಯಿ ಮೇರಿ ಸುಲಿವಾನ್, ಊರು ಡರ್ಸಿ.

ಮೊದಲನೆಯವಳೇ ಅನ್ನಿಸಿತು. ಸಿವಿಲ್ ಜನನ ದಾಖಲೆಯೂ ಸಿಕ್ಕಿತು, ತಾಯಿ ಅದೇ ಮೇರಿ ಹ್ಯಾರಿಂಗ್ಟನ್. ಆದರೆ ಹುಟ್ಟಿದ ದಿನ ಮಾರ್ಚ್ 2 ಅಂತಿದೆ. ಜ್ಞಾನಸ್ನಾನ ಆದ ಮೇಲೆ ಮಗು ಹುಟ್ಟಿತಾ?!

ಲಿಫಿ ದಂಡೆ:

ಐರ್ಲೆಂಡಿನಲ್ಲಿ ಇದು ದಿನಾ ನಡೆಯುವ ಪವಾಡ. 😄 ಮಗುವಿಗೆ ಹುಟ್ಟಿದ ಎರಡು ಮೂರು ದಿನದೊಳಗೆ ಜ್ಞಾನಸ್ನಾನ ಮಾಡಿಸುತ್ತಿದ್ದರು. ಸರ್ಕಾರಿ ರಿಜಿಸ್ಟ್ರಾರ್ ಹತ್ತಿರ ಹೋಗುವುದು ಮಾತ್ರ ಪುರುಸೊತ್ತಾದಾಗ. ತಡವಾದರೆ ದಂಡ. ಹಾಗಾಗಿ ಹುಟ್ಟಿದ ದಿನವನ್ನೇ ಮುಂದಕ್ಕೆ ತಳ್ಳಿಬಿಡುತ್ತಿದ್ದರು. ಚರ್ಚ್ ತಾರೀಖನ್ನು ನಂಬಿ.

ಹಳೇ ಕಡತ:

ಅವಳೇ. 1872ರ ಫೆಬ್ರುವರಿ ಅಂದರೆ 1879ರ ಮೇ ಹೊತ್ತಿಗೆ ಏಳು ತುಂಬಿದೆ. ಡರ್ಸಿಯವಳಿಗೆ ನಾಲ್ಕೂವರೆ. ಅದೂ ಅಲ್ಲದೆ ಡರ್ಸಿ ದ್ವೀಪ, ದಿನಾ ದೋಣಿ ಹತ್ತಿ ಈ ಶಾಲೆಗೆ ಬರುವ ಮಾತಿಲ್ಲ. ಅಪ್ಪನ ಹೆಸರು, ಕೆಲಸ, ಮಜರೆ, ವಯಸ್ಸು ನಾಲ್ಕೂ ಕೂಡಿದವು. ನಾನಾದರೆ ಇಷ್ಟಕ್ಕೆ ಒಪ್ಪುತ್ತೇನೆ.

ಮೈಕಲ್, ಮೇರಿ ದಂಪತಿಯ ಉಳಿದ ಮಕ್ಕಳನ್ನೂ ಅದೇ ಪುಸ್ತಕದಲ್ಲಿ ಹುಡುಕಿ. ಸಾಮಾನ್ಯವಾಗಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು ಇಡುತ್ತಿದ್ದರು. ನಮ್ಮಲ್ಲೂ ಅಜ್ಜನ ಹೆಸರು ಇಡುವುದಿಲ್ಲವೇ? ಅದು ಸುಳಿವು, ಸಾಕ್ಷಿ ಅಲ್ಲ. ಅಕ್ಕ ಅಣ್ಣಂದಿರು ಇದ್ದಕ್ಕಿದ್ದ ಹಾಗೆ ಕಾಣೆಯಾದರೆ ಅಮೆರಿಕದ ಮಾಂಟಾನಾದ ಬ್ಯೂಟ್‌ನಲ್ಲಿ ನೋಡಿ. ಅಲಿಹೀಸ್ ಗಣಿಯವರು ಹಿಂಡುಹಿಂಡಾಗಿ ಹೋದದ್ದು ಅಲ್ಲಿನ ತಾಮ್ರದ ಗಣಿಗೆ.

ಕಾರ್ಕ್ ಕನ್ನಡತಿ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಪುಟವನ್ನು ಪ್ರಿಂಟ್ ತೆಗೆದು ಅತ್ತೆಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು "ಹೊನೋರಾಂ" ಅನ್ನುವ ಶಬ್ದದ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ "ಮೂರು ವರ್ಷ ಮುಚ್ಚಿಟ್ಟಿದ್ದಳು ನೋಡು ಕಳ್ಳಿ" ಅಂದರು.

ಸಮಸ್ಯೆ ಪರಿಹಾರವಾಗಿದೆ ಅಂತ ಗುರುತು ಹಾಕುತ್ತಿದ್ದೇನೆ. ಆದರೆ ಈಗ ನೋರಾ ಗಂಡನ ಕಡೆಯದೂ ಬೇಕಂತೆ. ಡ್ಯಾನಿಯಲ್ ಸುಲಿವಾನ್, ಅಪ್ಪ ಡ್ಯಾನಿಯಲ್ ಸುಲಿವಾನ್. ಮದುವೆ ದಾಖಲೆಯಲ್ಲಿ ಅಪ್ಪನ ಹೆಸರಿನ ಪಕ್ಕ ಸಣ್ಣದಾಗಿ "ಬಾನ್" ಅಂತ ಏನೋ ಬರೆದಿದೆ. ಹೊಸ ಎಳೆ ಶುರು ಮಾಡಲಾ?

ಹಳೇ ಕಡತ:

ಮಾಡಿ. "ಬಾನ್" ಅಂದರೆ ಐರಿಷ್‌ನಲ್ಲಿ ಬಿಳಿ, ಅಂದರೆ ಬಿಳಿಗೂದಲಿನವನು ಅಂತ ಅಡ್ಡಹೆಸರು. ಇಷ್ಟೊಂದು ಸುಲಿವಾನ್‌ಗಳ ನಡುವೆ ಅವನನ್ನು ಗುರುತಿಸಲು ಅದೊಂದು ಇದೆಯಲ್ಲ, ಅರ್ಧ ಕೆಲಸ ಮುಗಿದ ಹಾಗೆ.