ಸಿಎನ್‌ಜಿ ಕಾರಿನ ಡಿಕ್ಕಿಗೆ ಹಗುರವಾದ ಫೈಬರ್ ಸಬ್‌ವೂಫರ್ ಪೆಟ್ಟಿಗೆ: ಕಟ್ಟುವ ಕ್ರಮ ತಿಳಿಸಿ

ದಾವಣಗೆರೆ ಹವ್ಯಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ಸಿಎನ್‌ಜಿ ಅಳವಡಿಸಿದ ಸಣ್ಣ ಹ್ಯಾಚ್‌ಬ್ಯಾಕ್ ಕಾರು. ಡಿಕ್ಕಿಯ ಬಹುಭಾಗವನ್ನು ಸಿಲಿಂಡರೇ ಹಿಡಿದುಕೊಂಡಿದ್ದು, ಎಡಗಡೆ ಚಕ್ರದ ಉಬ್ಬಿನ ಹಿಂದಿನ ಅಂಕುಡೊಂಕಾದ ಮೂಲೆಯೊಂದು ಮಾತ್ರ ಖಾಲಿ ಉಳಿದಿದೆ. ಆ ಮೂಲೆಯಲ್ಲಿ 10 ಇಂಚಿನ ಸಬ್‌ವೂಫರ್ (ಬಾಸ್ ಸ್ವರಗಳ ಸ್ಪೀಕರ್) ಒಂದನ್ನು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಬೇಕೆಂದಿದ್ದೇನೆ. ಅದಕ್ಕೆ 20 ಲೀಟರ್ ಒಳಗಾತ್ರ ಬೇಕೆಂದು ತಯಾರಕರು ಸೂಚಿಸಿದ್ದಾರೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆ ಆ ಆಕಾರಕ್ಕೆ ಹೊಂದುವುದಿಲ್ಲ, ಮೇಲಾಗಿ ಸಿಲಿಂಡರ್‌ನಿಂದಾಗಿ ಹಿಂಭಾಗ ಈಗಾಗಲೇ ಭಾರವಾಗಿದೆ. ಆದ್ದರಿಂದ ಫೈಬರ್‌ಗ್ಲಾಸ್ ಬಗ್ಗೆ ಯೋಚಿಸುತ್ತಿದ್ದೇನೆ. ಅದು ನಿಜವಾಗಿಯೂ ಹಗುರವೇ, ಎಷ್ಟು ಪದರ ಹಾಕಬೇಕು? ಥರ್ಮೋಕೋಲನ್ನು ಬೇಕಾದ ಆಕಾರಕ್ಕೆ ಕೆತ್ತಿ ಅದರ ಮೇಲೆ ಫೈಬರ್ ಹಚ್ಚಬಹುದೇ? ಕಾರ್ಬನ್ ಫೈಬರ್‌ಗೆ ಹಣ ಹಾಕುವುದರಲ್ಲಿ ಅರ್ಥವಿದೆಯೇ? ತಿಳಿದವರು ದಯವಿಟ್ಟು ಹೇಳಿ.

ಧ್ವನಿಪೆಟ್ಟಿಗೆ, ಬೆಂಗಳೂರು

ಫೈಬರ್‌ಗ್ಲಾಸ್ ಎಂದ ಮಾತ್ರಕ್ಕೆ ಹಗುರವಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. 18 ಮಿ.ಮೀ. ಎಂಡಿಎಫ್ ಒಂದು ಚದರ ಮೀಟರಿಗೆ ಸುಮಾರು 13 ಕೆಜಿ ತೂಗುತ್ತದೆ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ (ಗಾಜಿನ ಎಳೆಗಳ ಹಾಸು) ಒಂದು ಪದರ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟುದ್ರವ) ಕುಡಿದು ಗಟ್ಟಿಯಾದಾಗ ಸುಮಾರು 1 ಮಿ.ಮೀ. ದಪ್ಪವಾಗಿ, ಚದರ ಮೀಟರಿಗೆ ಒಂದೂವರೆ ಕೆಜಿಯಷ್ಟು ಬರುತ್ತದೆ. ಆರು ಪದರ ಹಾಕಿದರೆ 9 ಕೆಜಿಯ ಹತ್ತಿರಕ್ಕೆ ಹೋಯಿತು. ತೂಕದಲ್ಲಿ ಅಷ್ಟೇನೂ ಉಳಿತಾಯವಾಗಲಿಲ್ಲ. ಆದರೆ ಹಲಗೆಯ ಬಿಗಿತವು ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, ಸಪಾಟಾದ 6 ಮಿ.ಮೀ. ಫೈಬರ್ ಹಲಗೆಯು 18 ಮಿ.ಮೀ. ಎಂಡಿಎಫ್‌ನ ಹತ್ತನೇ ಒಂದು ಭಾಗದಷ್ಟೂ ಬಿಗಿಯಾಗಿರುವುದಿಲ್ಲ.

ಬಿಗಿತ ಏಕೆ ಬೇಕೆಂಬುದನ್ನು ಲೆಕ್ಕ ಹಾಕಿ ನೋಡಿ. 10 ಇಂಚಿನ ಸ್ಪೀಕರಿನ ಕೋನ್ (ಅದುರುವ ಮುಂಭಾಗ) 10 ಮಿ.ಮೀ. ಒಳಕ್ಕೆ ಚಲಿಸಿದರೆ ಸುಮಾರು 350 ಮಿ.ಲೀ. ಗಾಳಿಯನ್ನು ಒತ್ತುತ್ತದೆ. 20 ಲೀಟರ್ ಪೆಟ್ಟಿಗೆಯೊಳಗೆ ಅದರಿಂದ ಏರುವ ಒತ್ತಡ ಸುಮಾರು 2.5 ಕಿಲೋಪಾಸ್ಕಲ್; ಅಂದರೆ 35 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಒಂದು ಗೋಡೆಯ ಮೇಲೆ 26 ಕೆಜಿ ಭಾರ ಇಟ್ಟಂತೆ. 50 ಹರ್ಟ್ಸ್ ಸ್ವರಕ್ಕೆ ಇದು ಸೆಕೆಂಡಿಗೆ 50 ಸಲ ಒಳಕ್ಕೂ ಹೊರಕ್ಕೂ ನಡೆಯುತ್ತದೆ. ಗೋಡೆ ಬಾಗಿದರೆ ಆ ಶಕ್ತಿ ಬಾಸ್ ಆಗುವ ಬದಲು ಗೋಡೆಯ ಅದುರುವಿಕೆಯಲ್ಲಿ ಕಳೆದುಹೋಗುತ್ತದೆ.

ದಾರಿ ಎರಡಿವೆ, ಎರಡನ್ನೂ ಸೇರಿಸಿಯೇ ಬಳಸಬೇಕು. ಒಂದು, ಬಾಗು: ಮೊಟ್ಟೆಯ ಚಿಪ್ಪಿನಂತೆ ಬಾಗಿದ ಮೇಲ್ಮೈ ತೆಳುವಾಗಿದ್ದರೂ ಒತ್ತಡ ತಡೆಯುತ್ತದೆ, ಮತ್ತು ನಿಮ್ಮ ಕಾರಿನ ಮೂಲೆಯೇ ಆ ಬಾಗನ್ನು ಕೊಡುತ್ತದೆ. ಇನ್ನೊಂದು, ಸ್ಯಾಂಡ್‌ವಿಚ್: ಸಪಾಟಾಗಿ ಉಳಿದ ಜಾಗಗಳಲ್ಲಿ ಎರಡು ತೆಳು ಫೈಬರ್ ಪದರಗಳ ನಡುವೆ ಹಗುರ ಫೋಮ್ ಇಡುವುದು. 15 ಮಿ.ಮೀ. ಪಿವಿಸಿ ಫೋಮಿನ ಎರಡೂ ಬದಿಗೆ 2 ಮಿ.ಮೀ. ಫೈಬರ್ ಹಾಕಿದರೆ ಬಿಗಿತವು 18 ಮಿ.ಮೀ. ಎಂಡಿಎಫ್‌ಗೆ ಸರಿಸಮವಾಗಿ ನಿಲ್ಲುತ್ತದೆ, ತೂಕ ಮಾತ್ರ ಚದರ ಮೀಟರಿಗೆ 7 ಕೆಜಿ. ಈ ಹಂತದಲ್ಲಿಯೇ ಬೇಕಾದ ಬಿಗಿತ ಸಿಕ್ಕಿರುವುದರಿಂದ ಕಾರ್ಬನ್ ಫೈಬರ್ ಕೇವಲ ನೋಟಕ್ಕೆ. ಆ ಹಣವನ್ನು ಒಳ್ಳೆಯ ಫೋಮಿಗೆ ಹಾಕಿ.

ಕ್ರಮ ಹೀಗಿರಲಿ. ಡಿಕ್ಕಿಯ ಮೂಲೆಗೆ ಮಾಸ್ಕಿಂಗ್ ಟೇಪ್ ಎರಡು ಪದರ ಅಂಟಿಸಿ, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಮೇಣ ಸವರಿ, ಎರಡು ಪದರ ಮ್ಯಾಟ್ ಹಾಕಿರಿ. ಗಟ್ಟಿಯಾದ ಚಿಪ್ಪನ್ನು ಹೊರತೆಗೆದು, ಅದರ ಒಳಬದಿಯ ಸಪಾಟು ಜಾಗಗಳಿಗೆ ಫೋಮ್ ಅಂಟಿಸಿ, ಮೇಲೆ ಮತ್ತೆರಡು ಪದರ ಹಾಕಬೇಕು. ಬಾಗಿದ ಜಾಗಗಳಿಗೆ ಫೋಮ್ ಬೇಡ. ಸ್ಪೀಕರ್ ಕೂರುವ ಬಳೆಯನ್ನು 18 ಮಿ.ಮೀ. ಬರ್ಚ್ ಪ್ಲೈವುಡ್‌ನಲ್ಲಿಯೇ ಕತ್ತರಿಸಿರಿ, ಏಕೆಂದರೆ ಫೋಮಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಬಳೆಯಿಂದ ಚಿಪ್ಪಿನ ಅಂಚಿನವರೆಗೆ ಫ್ಲೀಸ್ ಬಟ್ಟೆಯನ್ನು ಬಿಗಿಯಾಗಿ ಎಳೆದು ರೆಸಿನ್ ಕುಡಿಸಿದರೆ ಮುಂಭಾಗದ ಆಕಾರ ತಾನಾಗಿ ಮೂಡುತ್ತದೆ. ಅದರ ಹಿಂಬದಿಗೆ ಮ್ಯಾಟ್ ಹಾಕುವುದನ್ನು ಬಿಡಬಾರದು, ಬರೀ ಫ್ಲೀಸಿಗೆ ಬಲವಿಲ್ಲ.

ಇಷ್ಟೆಲ್ಲ ಮಾಡಿದರೂ ಎಂಡಿಎಫ್‌ಗಿಂತ ಮೂರು–ನಾಲ್ಕು ಕೆಜಿಯಷ್ಟೇ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಲಾಭ ತೂಕಕ್ಕಿಂತ ಹೆಚ್ಚಾಗಿ, ಉಪಯೋಗಕ್ಕೆ ಬಾರದೆ ಬಿದ್ದಿರುವ ಮೂಲೆಯೊಂದು 20 ಲೀಟರ್ ಜಾಗವಾಗುವುದು.

ಮಲ್ಪೆ ಬೋಟು

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾವು ಮೀನುಗಾರಿಕೆಯ ದೋಣಿಗಳಿಗೆ ಬಳಸುವುದೂ ಇದೇ ಮ್ಯಾಟು, ಇದೇ ಪಾಲಿಯೆಸ್ಟರ್ ರೆಸಿನ್. ಆದ್ದರಿಂದ ಸಾಮಗ್ರಿಯ ವಿಷಯದಲ್ಲಿ ಕೆಲವು ಮಾತು ಸೇರಿಸುತ್ತೇನೆ.

ಥರ್ಮೋಕೋಲ್ ಮೇಲೆ ಪಾಲಿಯೆಸ್ಟರ್ ಹಚ್ಚಲೇಬೇಡಿ. ರೆಸಿನ್‌ನಲ್ಲಿರುವ ಸ್ಟೈರೀನ್ ಅದನ್ನು ಕೆಲವೇ ನಿಮಿಷಗಳಲ್ಲಿ ಕರಗಿಸಿ ಅಂಟು ಮಾಡಿಬಿಡುತ್ತದೆ. ಪಿಯು (ಪಾಲಿಯುರೆಥೇನ್) ಅಥವಾ ಪಿವಿಸಿ ಫೋಮ್‌ಗೆ ಈ ತೊಂದರೆಯಿಲ್ಲ. ಪಾಲಿಯೆಸ್ಟರ್ ಬದಲು ಎಪಾಕ್ಸಿ ರೆಸಿನ್ ಬಳಸಿದರೆ ಥರ್ಮೋಕೋಲ್ ಉಳಿಯುತ್ತದೆ ನಿಜ, ಆದರೆ ಸಾಮಾನ್ಯ ಮ್ಯಾಟನ್ನು ಹಿಡಿದಿಡುವ ಬೈಂಡರ್ ಕರಗಲು ಸ್ಟೈರೀನೇ ಬೇಕಾಗಿರುವುದರಿಂದ, ಎಪಾಕ್ಸಿಗೆ ನೇಯ್ದ ಗ್ಲಾಸ್ ಬಟ್ಟೆಯನ್ನೇ ತರಬೇಕು.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಅಂಗಡಿಯಲ್ಲಿ ರೆಸಿನ್ ಜೊತೆಗೆ ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ನೀರಿನಂತೆ ಕಾಣುವ ಎಂಇಕೆಪಿ ಹಾರ್ಡನರ್ ಎಂಬ ಎರಡು ಬಾಟಲಿ ಕೊಡಬಹುದು. ಇವೆರಡನ್ನು ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸ್ಫೋಟವಾಗುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಹಚ್ಚುವ ಹೊತ್ತಿಗೆ ಮಾತ್ರ ಹಾರ್ಡನರ್ ಬೆರೆಸಬೇಕು. ಹಾರ್ಡನರ್ ರೆಸಿನ್‌ನ ತೂಕದ ಶೇ. 1ರಿಂದ 2ರಷ್ಟಿರಲಿ. ಎಂಇಕೆಪಿಯ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗುವ ಅಪಾಯವಿದೆ, ಆದ್ದರಿಂದ ರಕ್ಷಣಾ ಕನ್ನಡಕವಿಲ್ಲದೆ ಬಾಟಲಿ ತೆರೆಯಬಾರದು. ಬೇಸಿಗೆಯಲ್ಲಿ ಒಮ್ಮೆಗೆ ಅರ್ಧ ಲೀಟರಿಗಿಂತ ಹೆಚ್ಚು ಕಲಸಬೇಡಿ. ಡಬ್ಬಿಯಲ್ಲಿ ಒಟ್ಟಾಗಿ ಉಳಿದ ರೆಸಿನ್ ತಾನೇ ಕಾದು ಹೊಗೆಯಾಡುತ್ತದೆ.

ಹಚ್ಚುವಾಗ ಮ್ಯಾಟಿನ ಬಿಳಿ ಬಣ್ಣವನ್ನು ಗಮನಿಸಿ. ರೆಸಿನ್ ಕುಡಿದ ಕಡೆ ಅದು ಮಂಜುಗಾಜಿನಂತಾಗಿ ಕೆಳಗಿನ ಫಾಯಿಲ್ ಕಾಣತೊಡಗುತ್ತದೆ; ಬಿಳಿಯಾಗಿಯೇ ಉಳಿದ ಚುಕ್ಕೆಗಳೆಲ್ಲ ಸಿಕ್ಕಿಬಿದ್ದ ಗಾಳಿ. ರೋಲರ್ ಒತ್ತಿ ಅದನ್ನು ಅಂಚಿಗೆ ಓಡಿಸಬೇಕೇ ಹೊರತು ಇನ್ನಷ್ಟು ರೆಸಿನ್ ಸುರಿಯಬಾರದು, ಹೆಚ್ಚಾದ ರೆಸಿನ್ ತೂಕ ಕೊಡುತ್ತದೆ, ಬಲ ಕೊಡುವುದಿಲ್ಲ.

ದಾವಣಗೆರೆ ಹವ್ಯಾಸಿ

ಇಬ್ಬರಿಗೂ ಅನಂತ ಧನ್ಯವಾದಗಳು. ಥರ್ಮೋಕೋಲ್ ಆಲೋಚನೆಯನ್ನು ಕೈಬಿಟ್ಟೆ. ಇನ್ನೆರಡು ಸಂದೇಹಗಳಿವೆ: ಇಂಥ ಅಡ್ಡಾದಿಡ್ಡಿ ಆಕಾರದ ಒಳಗಾತ್ರವನ್ನು ಅಳೆಯುವುದು ಹೇಗೆ? ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಪೆಟ್ಟಿಗೆ ತಡೆಯುತ್ತದೆಯೇ?

ಹುಬ್ಬಳ್ಳಿ ಕಾರ್ ಆಡಿಯೋ

ಅಳತೆಗೆ ರಾಗಿಯಷ್ಟು ಒಳ್ಳೆಯದು ಬೇರೆ ಇಲ್ಲ. ಒಂದು ಲೀಟರಿನ ಪಾತ್ರೆಯಿಂದ ಅಳೆದು ಚಿಪ್ಪಿಗೆ ಸುರಿಯುತ್ತ ಬಂದರೆ, ನುಣುಪಾದ ಕಾಳು ಎಲ್ಲ ಸಂದಿಗೂ ಇಳಿಯುತ್ತದೆ. ಫೋಮ್ ಅಂಟಿಸಿದ ನಂತರವೇ ಅಳೆಯಿರಿ, ಏಕೆಂದರೆ ಕಾಲು ಚದರ ಮೀಟರಿನಷ್ಟು 15 ಮಿ.ಮೀ. ಫೋಮ್ ಸುಮಾರು ನಾಲ್ಕು ಲೀಟರ್ ನುಂಗುತ್ತದೆ. ಸ್ಪೀಕರಿನ ಅಯಸ್ಕಾಂತದ ಜಾಗವನ್ನೂ ಕಳೆಯಬೇಕು. ಒಂದೆರಡು ಲೀಟರ್ ಕಡಿಮೆಯಾದರೆ ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ಹಾಕಿ ಸರಿದೂಗಿಸಬಹುದು.

ಬಿಸಿಲಿನಲ್ಲಿ ನಿಂತ ಕಾರಿನೊಳಗೆ 60 ಡಿಗ್ರಿ ದಾಟುವುದುಂಟು. ಕೋಣೆಯ ಉಷ್ಣತೆಯಲ್ಲಷ್ಟೇ ಗಟ್ಟಿಯಾದ ಸಾಮಾನ್ಯ ಎಪಾಕ್ಸಿಗಳು ಅದೇ ಆಸುಪಾಸಿನಲ್ಲಿ ಮೆತ್ತಗಾಗತೊಡಗುವುದರಿಂದ, ನಿಮ್ಮ ಕೆಲಸಕ್ಕೆ ಐಸೋಫ್ಥಾಲಿಕ್ ಪಾಲಿಯೆಸ್ಟರ್ ರೆಸಿನ್ ಸೂಕ್ತ. ಪೆಟ್ಟಿಗೆಯನ್ನು ಕಾರಿಗೆ ಹಾಕುವ ಮುನ್ನ ಹಲವು ದಿನ ತಾರಸಿಯ ಮೇಲೆ ಬಿಸಿಲಿಗಿಡಿ. ಗಟ್ಟಿತನವೂ ಹೆಚ್ಚುತ್ತದೆ, ಸ್ಟೈರೀನ್ ವಾಸನೆಯೂ ಹೋಗುತ್ತದೆ.

ಯಾರೂ ಪ್ರಸ್ತಾಪಿಸದ ಒಂದು ಸಂಗತಿ ಸಿಲಿಂಡರಿಗೆ ಸಂಬಂಧಿಸಿದ್ದು. ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಕಳಚಿ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಮಾಡಿಸಬೇಕು. ಆದ್ದರಿಂದ ಪೆಟ್ಟಿಗೆ ನಾಲ್ಕು ಬೋಲ್ಟ್ ಬಿಚ್ಚಿದರೆ ಹೊರಬರುವಂತಿರಲಿ, ಸಿಲಿಂಡರಿನ ಕವಾಟಕ್ಕೆ ಕೈ ಹೋಗುವಷ್ಟು ಜಾಗ ಬಿಡಿ, ಸಿಲಿಂಡರಿನ ಪಟ್ಟಿಗಾಗಲಿ ಸ್ಟ್ಯಾಂಡಿಗಾಗಲಿ ಏನನ್ನೂ ಬಿಗಿಯಬೇಡಿ. ಡಿಕ್ಕಿಯ ನೆಲಕ್ಕೆ ಡ್ರಿಲ್ ಹಾಕುವ ಮೊದಲು ಕಾರನ್ನು ಎತ್ತಿಸಿ, ಗ್ಯಾಸ್ ಪೈಪು ಮತ್ತು ಪೆಟ್ರೋಲ್ ಟ್ಯಾಂಕ್ ಎಲ್ಲಿವೆ ಎಂದು ಕೆಳಗಿನಿಂದ ಕಣ್ಣಾರೆ ನೋಡಿಕೊಳ್ಳಿ. ಪೆಟ್ಟಿಗೆಯನ್ನು ವೆಲ್ಕ್ರೋ ಮೇಲೆ ಬಿಡುವಂತಿಲ್ಲ: ಸ್ಪೀಕರ್ ಸೇರಿ ಸುಮಾರು ಹತ್ತು ಕೆಜಿಯ ವಸ್ತು ಅದು, ಅಪಘಾತದಲ್ಲಿ ಹಿಂದಿನ ಸೀಟಿನಲ್ಲಿ ಕುಳಿತವರ ಮೇಲೆಯೇ ಬರುತ್ತದೆ. ಬೋಲ್ಟ್ ಬರುವ ನಾಲ್ಕೂ ಜಾಗಗಳಲ್ಲಿ ಫೋಮ್ ಬದಲು ಪ್ಲೈವುಡ್ ತುಂಡನ್ನು ಎರಡು ಫೈಬರ್ ಪದರಗಳ ನಡುವೆ ಕೂರಿಸಿ, ಅಗಲವಾದ ವಾಷರ್ ಹಾಕಿ ಬಿಗಿಯಿರಿ.