ಫಿಲಿಪ್ ಐಲೆಂಡ್ ಮೋಟೋಜಿಪಿ ಅಂದಾಜು: ಮೊದಲ ಇಬ್ಬರು ಸರಿ ಬರುತ್ತಾರೆ, ಅವರ ಕೆಳಗೆ ಪಟ್ಟಿ ಕೆಡುತ್ತಿದೆ

ಎಡತಿರುವು

ನಮಸ್ಕಾರ. ಮೋಟೋಜಿಪಿ ಬೈಕ್ ರೇಸ್‌ನಲ್ಲಿ ಯಾರು ಎಷ್ಟನೆಯವರಾಗಿ ಮುಗಿಸುತ್ತಾರೆ ಎಂಬುದನ್ನು ಮೊದಲೇ ಅಂದಾಜಿಸಲು ಒಂದು ಸ್ಪ್ರೆಡ್‌ಶೀಟ್ ಮಾಡಿಕೊಂಡಿದ್ದೇನೆ. ಗೆಳೆಯರ ಬಳಗದಲ್ಲಿ ಹಣದ ಮಾತಿಲ್ಲದ ಒಂದು ಸ್ಪರ್ಧೆ ನಡೆಯುತ್ತದೆ. ರೇಸ್ ಆರಂಭವಾಗುವ ಮುನ್ನ ಪ್ರತಿಯೊಬ್ಬ ಸವಾರನ ಹೆಸರಿನ ಮುಂದೆಯೂ ಒಂದು ಸ್ಥಾನ ಬರೆದುಕೊಡಬೇಕು. ಒಂದೇ ಸ್ಥಾನವನ್ನು ಇಬ್ಬರಿಗೆ ಕೊಟ್ಟರೂ ಅಡ್ಡಿಯಿಲ್ಲ. ರೇಸ್ ಮುಗಿಸದವರನ್ನು ಲೆಕ್ಕದಿಂದ ಬಿಡುತ್ತೇವೆ. ಉಳಿದವರಲ್ಲಿ ನಮ್ಮ ಅಂದಾಜಿಗೂ ನಿಜವಾದ ಸ್ಥಾನಕ್ಕೂ ಇರುವ ಅಂತರಗಳನ್ನೆಲ್ಲ ಕೂಡಿದಾಗ ಯಾರ ಮೊತ್ತ ಕಡಿಮೆಯೋ ಅವರು ಗೆದ್ದಂತೆ.

ನನ್ನ ಶೀಟು ನಾಲ್ಕು ಸಂಗತಿಗಳಿಗೆ ತೂಕ ಕೊಟ್ಟು ಅಂಕ ಹಾಕುತ್ತದೆ: ಕ್ವಾಲಿಫೈಯಿಂಗ್ (ರೇಸ್ ಆರಂಭದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವ ಓಟ) ಸಮಯ, ಶನಿವಾರದ ಚುಟುಕು ಸ್ಪ್ರಿಂಟ್ ರೇಸ್‌ನ ಸ್ಥಾನ, ಚಾಂಪಿಯನ್‌ಶಿಪ್ ಪಟ್ಟಿಯಲ್ಲಿನ ಸ್ಥಾನ, ಅದೇ ಟ್ರ್ಯಾಕ್‌ನ ಹಿಂದಿನ ವರ್ಷದ ಫಲಿತಾಂಶ. ಅರ್ಧದಷ್ಟು ತೂಕ ಕ್ವಾಲಿಫೈಯಿಂಗ್‌ಗೆ ಇದೆ. ಮೊದಲ ಇಬ್ಬರು ಬಹುಪಾಲು ಸರಿಹೋಗುತ್ತಾರೆ. ಆದರೆ ಮೊದಲ ಸಾಲಿನಲ್ಲಿ ನಿಲ್ಲುವ ಮೂರನೆಯ ಸವಾರ ಆಗಾಗ ಏಳಕ್ಕೋ ಎಂಟಕ್ಕೋ ಜಾರುತ್ತಾನೆ, ಮತ್ತು 12ರಿಂದ 17ರವರೆಗೆ ನಾನು ಬರೆದವರು ಪ್ರತಿ ಸಲವೂ ಎರಡು ಮೂರು ಸ್ಥಾನ ಮೇಲೆಯೇ ಮುಗಿಸುತ್ತಾರೆ. ತೂಕಗಳನ್ನು ಎಷ್ಟು ಬದಲಿಸಿದರೂ ಈ ಎರಡನೆಯ ದೋಷ ಕದಲುತ್ತಿಲ್ಲ. ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್ ಟ್ರ್ಯಾಕ್‌ನ ಮುಂದಿನ ರೇಸ್‌ಗೆ ಮುನ್ನ ಇದನ್ನು ಸರಿಪಡಿಸಬೇಕೆಂದಿದ್ದೇನೆ. ದಯವಿಟ್ಟು ತಿಳಿದವರು ನೋಡಿ ಹೇಳಬೇಕು.

ಹಿಂಬದಿ ಟೈರ್

ಎಡತಿರುವು ಅವರೇ, ನೀವು ಹೇಳಿದ ಎರಡು ಲಕ್ಷಣಗಳಿಗೆ ಎರಡು ಬೇರೆ ಕಾರಣಗಳಿವೆ. ತೂಕ ಬದಲಿಸಿದರೂ ಕದಲದ ದೋಷವನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅದು ತೂಕಕ್ಕೆ ಸಂಬಂಧಿಸಿದ್ದೇ ಅಲ್ಲ.

ಎಲ್ಲರೂ ರೇಸ್ ಮುಗಿಸುತ್ತಾರೆ ಎಂದು ನಿಮ್ಮ ಶೀಟು ನಂಬಿಕೊಂಡಿದೆ. ವೇಗದಲ್ಲಿ 14ನೆಯವನಾದ ಸವಾರನ ಮುಂದೆ 13 ಮಂದಿ ಇರುತ್ತಾರೆ. ಅವರಲ್ಲಿ ಪ್ರತಿಯೊಬ್ಬನೂ ಬೀಳುವ ಅಥವಾ ಬೈಕ್ ಕೆಟ್ಟು ನಿಲ್ಲುವ ಸಂಭವ ಉದಾಹರಣೆಗೆ ಶೇ. 20 ಎಂದು ಹಿಡಿದರೆ, ಸರಾಸರಿ 2.6 ಮಂದಿ ಅವನ ದಾರಿಯಿಂದ ತಾವಾಗಿಯೇ ಸರಿದುಹೋಗುತ್ತಾರೆ. ಅವನು ರೇಸ್ ಮುಗಿಸಿದನೆಂದರೆ 11ರ ಆಸುಪಾಸಿನಲ್ಲಿರುತ್ತಾನೆ. ಎರಡನೆಯ ಸವಾರನ ಮುಂದೆ ಇರುವುದು ಒಬ್ಬನೇ ಆದ್ದರಿಂದ ಅಲ್ಲಿ ಈ ಲೆಕ್ಕ 0.2ಕ್ಕೆ ನಿಲ್ಲುತ್ತದೆ. ಮೇಲ್ಭಾಗ ಸರಿಯಾಗಿದ್ದು ಕೆಳಗಿಳಿದಂತೆಲ್ಲ ಪಟ್ಟಿ ಒಂದೇ ದಿಕ್ಕಿಗೆ ವಾಲುವುದು ಇದರಿಂದಲೇ. ಮುಗಿಸದವರನ್ನು ನಿಮ್ಮ ಸ್ಪರ್ಧೆ ಲೆಕ್ಕದಿಂದ ಬಿಡುವುದರಿಂದ, ಪ್ರತಿಯೊಬ್ಬನಿಗೂ ‘ಮುಗಿಸಿದರೆ ಎಷ್ಟನೆಯವನು’ ಎಂಬ ಸ್ಥಾನವನ್ನೇ ಬರೆಯಬೇಕು. 2025ರ ಸಿಲ್ವರ್‌ಸ್ಟೋನ್ ನೆನಪಿಸಿಕೊಳ್ಳಿ: ಮುನ್ನಡೆಯಲ್ಲಿದ್ದ ಫಾಬಿಯೋ ಕ್ವಾರ್ಟರಾರೋ ಅವರ ಬೈಕ್‌ನಲ್ಲಿ ಹಿಂಬದಿಯ ಎತ್ತರ ತಗ್ಗಿಸುವ ಸಾಧನ ಕೈಕೊಟ್ಟು ಅವರು ನಿಲ್ಲಬೇಕಾಯಿತು, ಹಿಂದಿದ್ದವರೆಲ್ಲ ಒಂದೊಂದು ಸ್ಥಾನ ಮೇಲೇರಿದರು.

ಇನ್ನು ಮೊದಲ ಸಾಲಿನಿಂದ ಜಾರುವ ಸಮಸ್ಯೆ. ಕ್ವಾಲಿಫೈಯಿಂಗ್ ಸಮಯವೆಂದರೆ ಹೊಸ ಸಾಫ್ಟ್ (ಹಿಡಿತ ಹೆಚ್ಚು, ಸವೆತವೂ ಬೇಗ) ಟೈರ್ ಹಾಕಿಕೊಂಡು ಓಡಿಸಿದ ಒಂದೇ ಲ್ಯಾಪ್. ಫಿಲಿಪ್ ಐಲೆಂಡ್‌ನಲ್ಲಿ ಓಡಿಸಬೇಕಾದದ್ದು 27 ಲ್ಯಾಪ್. ಅಲ್ಲಿನ 12 ತಿರುವುಗಳಲ್ಲಿ ಏಳು ಎಡಕ್ಕೇ ಇವೆ, ಅದರಲ್ಲೂ ಕೊನೆಯ ಎರಡು ತಿರುವುಗಳಲ್ಲಿ ಬೈಕ್ ಬಹಳ ಹೊತ್ತು ಎಡಕ್ಕೆ ವಾಲಿಕೊಂಡೇ ವೇಗ ಹಿಡಿಯುವುದರಿಂದ ಹಿಂಬದಿ ಟೈರಿನ ಎಡಮೈ ಬೇಗ ಸವೆಯುತ್ತದೆ. 2013ರಲ್ಲಿ, ಹೊಸದಾಗಿ ಡಾಂಬರು ಹಾಕಿದ್ದ ಆ ಟ್ರ್ಯಾಕ್‌ನಲ್ಲಿ ಪೂರ್ತಿ ದೂರಕ್ಕೆ ಟೈರ್ ಬಾಳುವುದಿಲ್ಲವೆಂದು ರೇಸನ್ನು 19 ಲ್ಯಾಪ್‌ಗೆ ಇಳಿಸಿ, ನಡುವೆ ಬೈಕ್ ಬದಲಿಸುವುದನ್ನು ಕಡ್ಡಾಯ ಮಾಡಿದ್ದರು; ಗಡುವು ಮೀರಿ ಒಳಬಂದ ಮಾರ್ಕ್ ಮಾರ್ಕೆಸ್ ಅನರ್ಹರಾದರು. 2023ರಲ್ಲಿ ಪೋಲ್‌ನಿಂದ (ಗ್ರಿಡ್ಡಿನ ಮೊಟ್ಟಮೊದಲ ಸ್ಥಾನದಿಂದ) ಹೊರಟ ಹೋರ್ಹೆ ಮಾರ್ಟಿನ್ ಹಿಂದೆ ಸಾಫ್ಟ್ ಟೈರ್ ಹಾಕಿಕೊಂಡು ಮೂರು ಸೆಕೆಂಡಿಗೂ ಹೆಚ್ಚು ಮುನ್ನಡೆ ಪಡೆದಿದ್ದರು. ಕೊನೆಯ ಲ್ಯಾಪ್‌ನಲ್ಲಿ ನಾಲ್ವರು ಅವರನ್ನು ದಾಟಿದರು. ಯೊಹಾನ್ ಝಾರ್ಕೋ ಗೆದ್ದರು, ಮಾರ್ಟಿನ್ ಐದನೆಯವರಾದರು. ಒಂದು ಲ್ಯಾಪ್‌ನ ವೇಗಕ್ಕೆ ಅರ್ಧ ತೂಕ ಕೊಟ್ಟ ಯಾವ ಶೀಟೂ ಇದನ್ನು ಹಿಡಿಯಲಾರದು.

ಹಾಗಾದರೆ ಯಾವ ಅಂಕಿ ನೋಡಬೇಕು? ಪ್ರತಿ ಅಭ್ಯಾಸದ ನಂತರ ಅಧಿಕೃತವಾಗಿ ಬಿಡುಗಡೆಯಾಗುವ ಲ್ಯಾಪ್‌ವಾರು ವಿಶ್ಲೇಷಣೆಯ ಹಾಳೆಯನ್ನು ತೆರೆಯಿರಿ. ಅದರಲ್ಲಿ ಪ್ರತಿ ಸವಾರನ ಒಂದೊಂದು ಓಟದ ಮೇಲೆ ಮುಂದಿನ ಹಾಗೂ ಹಿಂದಿನ ಟೈರ್ ಯಾವುದು, ಅದು ಹೊಸದೋ ಅಥವಾ ಈಗಾಗಲೇ ಎಷ್ಟು ಲ್ಯಾಪ್ ಓಡಿದ್ದೋ ಎಂದು ಬರೆದಿರುತ್ತದೆ. ನನ್ನ ಅನುಭವದಲ್ಲಿ ಶನಿವಾರ ಬೆಳಗಿನ ಅರ್ಧ ಗಂಟೆಯ ಅಭ್ಯಾಸದ ಹಾಳೆಗೆ ಬೆಲೆ ಹೆಚ್ಚು. ಆ ಸಮಯ ಮುಂದಿನ ಸಾಲುಗಳನ್ನು ನಿರ್ಧರಿಸುವ ಎರಡನೇ ಕ್ವಾಲಿಫೈಯಿಂಗ್‌ನ ಪ್ರವೇಶಕ್ಕೆ ಲೆಕ್ಕಕ್ಕೆ ಬಾರದ ಕಾರಣ, ಹಳೆಯ ಟೈರ್‌ನಲ್ಲೇ ರೇಸ್ ವೇಗವನ್ನು ಪರೀಕ್ಷಿಸುವವರು ಅಲ್ಲಿ ಹೆಚ್ಚು. ಉದಾಹರಣೆಗೆ, ಒಬ್ಬ ಸವಾರ ಕ್ವಾಲಿಫೈಯಿಂಗ್‌ನಲ್ಲಿ 1:27.4 ಮಾಡಿ, ಹತ್ತು ಲ್ಯಾಪ್ ಹಳೆಯ ಮೀಡಿಯಂ (ಸಾಫ್ಟ್‌ಗಿಂತ ಗಟ್ಟಿಯಾದ) ಟೈರ್‌ನಲ್ಲಿ 1:28.7, 28.8, 28.9 ಎಂದು ಏರುತ್ತಾ ಹೋದನೆನ್ನಿ. ಇನ್ನೊಬ್ಬ ಕ್ವಾಲಿಫೈಯಿಂಗ್‌ನಲ್ಲಿ 1:27.9ಕ್ಕೆ ನಿಂತು, ಅಷ್ಟೇ ಹಳೆಯ ಟೈರ್‌ನಲ್ಲಿ 28.6, 28.6, 28.6 ಎಂದು ಕದಲದೆ ಓಡಿಸಿದನೆನ್ನಿ. ಸರಾಸರಿ ವ್ಯತ್ಯಾಸ 0.2 ಸೆಕೆಂಡು. 27 ಲ್ಯಾಪ್‌ಗೆ ಅದು 5.4 ಸೆಕೆಂಡು. 2022ರಲ್ಲಿ ಇದೇ ಟ್ರ್ಯಾಕ್‌ನಲ್ಲಿ ಮೊದಲ ಏಳು ಮಂದಿ ಒಂದು ಸೆಕೆಂಡಿನೊಳಗೆ ಗುರಿ ಮುಟ್ಟಿದ್ದರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಚಾಂಪಿಯನ್‌ಶಿಪ್ ಸ್ಥಾನವನ್ನು ನಾನಾದರೆ ತೆಗೆದುಹಾಕುತ್ತೇನೆ. ಬೈಕ್‌ನ ವೇಗವನ್ನು ಅಭ್ಯಾಸದ ಸಮಯಗಳು ಈಗಾಗಲೇ ಹೇಳಿರುವಾಗ ಅದನ್ನೇ ಎರಡನೆಯ ಸಲ ಎಣಿಸಿದಂತಾಗುತ್ತದೆ.

ಚೆಕ್ಕರ್ ಬಾವುಟ

ಮೇಲಿನ ಉತ್ತರವನ್ನು ಬಹುತೇಕ ಒಪ್ಪುತ್ತೇನೆ, ಆದರೆ ಅದನ್ನು ಓದಿ ಯಾರೂ ಗ್ರಿಡ್ ಸ್ಥಾನವನ್ನು (ಆರಂಭಕ್ಕೆ ನಿಲ್ಲುವ ಸಾಲಿನ ಸ್ಥಾನವನ್ನು) ಪೂರ್ತಿಯಾಗಿ ಕೈಬಿಡಬಾರದು. ಫಿಲಿಪ್ ಐಲೆಂಡ್‌ನಲ್ಲಿ ಉದ್ದನೆಯ ನೇರ ದಾರಿಯಿದೆ, ಮುಂದಿನವನ ಗಾಳಿಮರೆಯಲ್ಲಿ ಬಂದು ಮೊದಲ ತಿರುವಿಗೆ ಮುನ್ನ ದಾಟಬಹುದು. ಆದ್ದರಿಂದಲೇ 2022ರಲ್ಲಿ ಅಲೆಕ್ಸ್ ರಿನ್ಸ್ ಹತ್ತನೇ ಸ್ಥಾನದಿಂದ ಹೊರಟು ಗೆದ್ದರು. ದಾಟಲು ಕಷ್ಟವಾದ ಟ್ರ್ಯಾಕ್‌ಗಳಲ್ಲಿ ಇದೇ ಲೆಕ್ಕ ಹಾಕಿದರೆ ಕೆಟ್ಟೀತು; ಗ್ರಿಡ್‌ನ ತೂಕವನ್ನು ಟ್ರ್ಯಾಕ್‌ಗೆ ತಕ್ಕಂತೆ ಬೇರೆ ಬೇರೆಯಾಗಿ ಇಡಿ.

ಸ್ಪ್ರಿಂಟ್ ಫಲಿತಾಂಶದ ಬಗ್ಗೆಯೂ ಎಚ್ಚರ ಬೇಕು. ಇಲ್ಲಿ ಸ್ಪ್ರಿಂಟ್ 13 ಲ್ಯಾಪ್ ಮಾತ್ರ, ಅಷ್ಟು ದೂರಕ್ಕೆ ಸವೆತ ಪೂರ್ತಿಯಾಗಿ ಹೊರಬೀಳುವುದಿಲ್ಲ. ಸ್ಥಾನಕ್ಕಿಂತ ಕೊನೆಯ ನಾಲ್ಕೈದು ಲ್ಯಾಪ್‌ಗಳ ಸಮಯವನ್ನು ತೆಗೆದುಕೊಳ್ಳಿ.

ಮತ್ತೊಂದು ಕಾಲಂ ಸೇರಿಸಿ: ಮೊದಲೇ ಘೋಷಣೆಯಾಗಿರುವ ದಂಡಗಳು. 2025ರಲ್ಲಿ ಮಾರ್ಕೊ ಬೆಜ್ಜೆಕಿ ಇಲ್ಲಿ ಸ್ಪ್ರಿಂಟ್ ಗೆದ್ದಿದ್ದರು, ಆದರೆ ಹಿಂದಿನ ಸುತ್ತಿನ ಘರ್ಷಣೆಗಾಗಿ ಭಾನುವಾರ ಎರಡು ಲಾಂಗ್ ಲ್ಯಾಪ್ ದಂಡ (ಪಕ್ಕದ ಉದ್ದನೆಯ ದಾರಿಯಲ್ಲಿ ಹಾದು ಸಮಯ ಕಳೆದುಕೊಳ್ಳುವ ಶಿಕ್ಷೆ) ಅನುಭವಿಸಬೇಕಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರು ಮೂರನೆಯವರಾದರು, ರಾವುಲ್ ಫರ್ನಾಂಡಿಸ್ ಗೆದ್ದರು. ಇಂಥ ದಂಡವನ್ನು ಸ್ಥಾನವಾಗಿ ಕಳೆಯಬೇಡಿ, ಸೆಕೆಂಡುಗಳಾಗಿ ಸವಾರನ ಒಟ್ಟು ಸಮಯಕ್ಕೆ ಕೂಡಿಸಿ. ಹಿಂದಿನವನು ಎಷ್ಟು ದೂರದಲ್ಲಿದ್ದಾನೆ ಎಂಬುದರ ಮೇಲೆ ಎಷ್ಟು ಸ್ಥಾನ ಹೋಗುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಎಡತಿರುವು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮುಗಿಸದವರ ಸಂಭವವನ್ನು ಸೇರಿಸಿ, ಹಳೆಯ ಟೈರ್‌ನ ಸರಾಸರಿ ಲ್ಯಾಪ್ ಸಮಯವನ್ನು ಆಧಾರವಾಗಿಟ್ಟು, ಪ್ರತಿ ಲ್ಯಾಪ್‌ಗೂ 0.3 ಸೆಕೆಂಡಿನ ಏರಿಳಿತವನ್ನು ಯಾದೃಚ್ಛಿಕವಾಗಿ ಕೊಟ್ಟು, ಶೀಟಿನಲ್ಲೇ ಸಾವಿರ ರೇಸ್‌ಗಳನ್ನು ಓಡಿಸಿ ನೋಡಿದೆ. ಹಳೆಯ ರೇಸ್‌ಗಳ ಮೇಲೆ ಪರೀಕ್ಷಿಸಿದಾಗ ಕೆಳಭಾಗದ ವಾಲಿಕೆ ಹೋಗಿದೆ. ಆದರೆ ಹೊಸ ತೊಂದರೆ ಎದ್ದಿದೆ: ಸರಾಸರಿ 0.2 ಸೆಕೆಂಡು ವೇಗವಿರುವ ಸವಾರ ಬೀಳದಿದ್ದರೆ ಸಾವಿರಕ್ಕೆ ಸಾವಿರ ಸಲವೂ ಎಂಬಂತೆ ಗೆಲ್ಲುತ್ತಿದ್ದಾನೆ. ನಿಜವಾದ ರೇಸ್ ಇಷ್ಟು ಖಚಿತವಾಗಿರುವುದಿಲ್ಲ ಅಲ್ಲವೇ? ಹಾಗೆಯೇ, ಸಾವಿರ ಫಲಿತಾಂಶಗಳಿಂದ ಒಂದು ಸ್ಥಾನವನ್ನು ಆರಿಸುವುದು ಹೇಗೆ?

ಹಿಂಬದಿ ಟೈರ್

ಏರಿಳಿತವನ್ನು ಇಟ್ಟಿರುವ ಜಾಗ ತಪ್ಪಾಗಿದೆ. ಪ್ರತಿ ಲ್ಯಾಪ್‌ಗೂ ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆ ಕೊಟ್ಟರೆ ಒಂದು ಲ್ಯಾಪ್‌ನ ನಷ್ಟವನ್ನು ಇನ್ನೊಂದರ ಲಾಭ ತುಂಬಿಬಿಡುತ್ತದೆ. 27 ಲ್ಯಾಪ್ ಸೇರಿದರೂ ಒಟ್ಟು ಏರಿಳಿತ 0.3ನ್ನು 27ರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು 1.6 ಸೆಕೆಂಡು ಮಾತ್ರ. 5.4 ಸೆಕೆಂಡಿನ ಅಂತರವನ್ನು ಅದು ಅಲುಗಿಸಲಾರದು. ವಾಸ್ತವದಲ್ಲಿ ಸವಾರನಿಗೆ ಆ ದಿನ ಬೈಕ್ ಒಗ್ಗಿತೋ ಇಲ್ಲವೋ ಎಂಬುದು ಎಲ್ಲ 27 ಲ್ಯಾಪ್‌ಗಳಿಗೂ ಒಟ್ಟಿಗೆ ಅನ್ವಯಿಸುತ್ತದೆ. ಆದ್ದರಿಂದ ಒಂದು ರೇಸ್‌ಗೆ, ಒಬ್ಬ ಸವಾರನಿಗೆ ಒಂದೇ ಸಂಖ್ಯೆ ತೆಗೆದು ಎಲ್ಲ ಲ್ಯಾಪ್‌ಗೂ ಕೂಡಿಸಿ. ದಿನದ ಏರಿಳಿತ 0.2 ಸೆಕೆಂಡು ಎಂದಿಟ್ಟರೆ ಒಟ್ಟು 5.4 ಸೆಕೆಂಡಿನಷ್ಟು ಅನಿಶ್ಚಿತತೆ ಬರುತ್ತದೆ, ಲೆಕ್ಕ ನಂಬುವಂತಾಗುತ್ತದೆ. ಅದರ ಮೇಲೆ ತಯಾರಕರಿಗೂ ಒಂದು ಸಣ್ಣ ಸಾಮಾನ್ಯ ಸಂಖ್ಯೆ ಇಡಿ. 2025ರಲ್ಲಿ ಫರ್ನಾಂಡಿಸ್ ಮತ್ತು ಬೆಜ್ಜೆಕಿ ಬೇರೆ ಬೇರೆ ತಂಡದವರಾದರೂ ಇಬ್ಬರದೂ ಅಪ್ರಿಲಿಯಾ. ಒಂದು ಬೈಕ್ ಆ ಟ್ರ್ಯಾಕ್‌ಗೆ ಒಗ್ಗಿದರೆ ಅದೇ ತಯಾರಕರ ಸವಾರರು ಒಟ್ಟಿಗೆ ಮೇಲೇರುತ್ತಾರೆ.

ಸ್ಥಾನ ಆರಿಸುವ ಪ್ರಶ್ನೆಗೆ ನಿಮ್ಮ ಸ್ಪರ್ಧೆಯ ನಿಯಮವೇ ಉತ್ತರ. ಅಂತರಗಳ ಮೊತ್ತ ಕಡಿಮೆಯಾಗಬೇಕಾದರೆ ಸರಾಸರಿಯನ್ನಲ್ಲ, ಮಧ್ಯಾಂಕವನ್ನು ಬರೆಯಬೇಕು. ಸವಾರ ಮುಗಿಸಿದ ರೇಸ್‌ಗಳ ಸ್ಥಾನಗಳನ್ನು ಮಾತ್ರ ಸಾಲಾಗಿ ಜೋಡಿಸಿ ನಟ್ಟನಡುವಿನದನ್ನು ತೆಗೆದುಕೊಳ್ಳಿ.

ಎಡತಿರುವು

ಈಗ ಸಂಖ್ಯೆಗಳು ಹದಕ್ಕೆ ಬಂದಿವೆ. ಒಂದೇ ಸಂದೇಹ ಉಳಿದಿದೆ. ಪಟ್ಟಿಯನ್ನು ಯಾವಾಗ ಮುಚ್ಚುವುದು? ಟೈರಿನ ಗಾಳಿಯ ಒತ್ತಡ ನಿಗದಿತ ಮಟ್ಟಕ್ಕಿಂತ ಕಡಿಮೆಯಿದ್ದರೆ ಬೀಳುವ ದಂಡವನ್ನೂ ಲೆಕ್ಕಕ್ಕೆ ಸೇರಿಸಬೇಕೇ?

ಚೆಕ್ಕರ್ ಬಾವುಟ

ಒತ್ತಡದ ದಂಡವನ್ನು ಸೇರಿಸಲೇಬೇಡಿ ಎಂಬುದು ನನ್ನ ಸಲಹೆ. ಮುಖ್ಯ ರೇಸ್‌ನಲ್ಲಿ ಅದು 16 ಸೆಕೆಂಡು, ಫಲಿತಾಂಶವನ್ನು ತಲೆಕೆಳಗು ಮಾಡಬಲ್ಲದು: 2025ರ ಕತಾರ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದ್ದ ಮಾವೆರಿಕ್ ವಿನ್ಯಾಲೆಸ್ ಇದರಿಂದ 14ಕ್ಕೆ ಇಳಿದರು. ಆದರೆ ಯಾರಿಗೆ ಬೀಳುತ್ತದೆಂದು ಮೊದಲೇ ತಿಳಿಯುವ ದಾರಿ ಹೊರಗಿನವರಿಗಿಲ್ಲ, ಎಲ್ಲರಿಗೂ ಸಮನಾಗಿ ಹಂಚಿದರೆ ಕ್ರಮವೂ ಬದಲಾಗದು. ಬೆಜ್ಜೆಕಿಯವರಂತೆ ಮೊದಲೇ ಗೊತ್ತಿರುವ ದಂಡ ಬೇರೆ, ಇದು ಬೇರೆ.

ಪಟ್ಟಿಯನ್ನು ಸಾಧ್ಯವಾದಷ್ಟು ತಡವಾಗಿ ಮುಚ್ಚಿ. ಅಲ್ಲಿನ ಮಧ್ಯಾಹ್ನ ಎರಡು ಗಂಟೆಯ ರೇಸ್ ನಮಗೆ ಬೆಳಗ್ಗೆ 8:30ಕ್ಕೆ ಬರುತ್ತದೆ, ಅದಕ್ಕೂ ಸ್ವಲ್ಪ ಮುಂಚೆ ಗ್ರಿಡ್‌ನಲ್ಲಿ ಯಾರು ಯಾವ ಟೈರ್ ಹಾಕಿದ್ದಾರೆಂದು ತೋರಿಸುತ್ತಾರೆ. ಎಲ್ಲರೂ ಮೀಡಿಯಂ ಹಾಕಿರುವಾಗ ಒಬ್ಬ ಸಾಫ್ಟ್ ಹಾಕಿದ್ದರೆ ಅವನ ಕೊನೆಯ ಲ್ಯಾಪ್‌ಗಳ ಸವೆತವನ್ನು ಹೆಚ್ಚಿಸಿ ಇನ್ನೊಮ್ಮೆ ಓಡಿಸಿ. ಸಮುದ್ರದ ಕಡೆಯಿಂದ ಮಳೆ ಬರುವ ಲಕ್ಷಣವಿದ್ದರೆ ಒಣ ಟ್ರ್ಯಾಕ್‌ನ ಪಟ್ಟಿಯನ್ನು ತಿದ್ದುತ್ತಾ ಕೂರಬೇಡಿ. ಒದ್ದೆ ಟ್ರ್ಯಾಕ್‌ನ ಸಮಯಗಳಿಂದ ಎರಡನೆಯ ಪಟ್ಟಿಯೊಂದನ್ನು ಶನಿವಾರ ರಾತ್ರಿಯೇ ಸಿದ್ಧಪಡಿಸಿಟ್ಟು, ಬೆಳಗ್ಗೆ ಗ್ರಿಡ್ ನೋಡಿ ಎರಡರಲ್ಲಿ ಒಂದನ್ನು ಕಳುಹಿಸಿ.