ಪುಟ್ಟಿಯ ರೆಟ್ರೋ ಫೋಟೋಶೂಟ್ ಬಗ್ಗೆ, ಸ್ವಲ್ಪ ಉದ್ದ ಇದೆ, ಪೂರ್ತಿ ಕೇಳಿ

ಪುಟ್ಟಿ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡಿದೆ, ಕ್ಲಾಸ್ ಮುಗಿಸಿಕೊಂಡು ಈಗ ಕೂತಿದ್ದೇನೆ. ಕಾಲೇಜು ಫೆಸ್ಟಿಗೆ ರೆಟ್ರೋ ಥೀಮ್ ಕೊಟ್ಟಿದ್ದಾರೆ, ನಾಲ್ಕು ಜನ ಗೆಳತಿಯರು ಸೇರಿ ಎಪ್ಪತ್ತರ ದಶಕದ ಥರ ಫೋಟೋ ತೆಗೆಸಬೇಕು, ಕೈಯಲ್ಲಿ ಮೂರು ಸಾವಿರ ಇದೆ, ಬೇಲೂರಿಗೆ ಹೋಗೋಣವಾ, ಅಜ್ಜಿ ರೇಷ್ಮೆ ಸೀರೆ ಕೊಡುತ್ತಾರಾ ಅಂತ ಕೇಳಿದ್ದೀಯ. ದೊಡ್ಡಮ್ಮ ‘ಸೀರೆ ಹಾಳಾಗುತ್ತೆ, ಬೇಡ’ ಅಂದಿದ್ದಾರೆ. ಮಾವ ತಮ್ಮ ಬೆಲ್ ಬಾಟಮ್ ಫೋಟೋ ಹಾಕಿದ್ದಾರೆ. ಎಲ್ಲದಕ್ಕೂ ಒಟ್ಟಿಗೇ ಹೇಳುತ್ತೇನೆ.

ಮೊದಲು ಇನ್‌ಸ್ಟಾಗ್ರಾಮ್ ಮುಚ್ಚಿಡು. ಅಲ್ಲಿ ರೆಟ್ರೋ ಅಂದರೆ ಪೋಲ್ಕಾ ಡಾಟ್, ದೊಡ್ಡ ಕೂಲಿಂಗ್ ಗ್ಲಾಸ್, ಕೆಂಪು ಲಿಪ್‌ಸ್ಟಿಕ್, ಕೈಯಲ್ಲೊಂದು ಹಳೇ ರೆಕಾರ್ಡು. ಮುಂಬೈ ಸಿನಿಮಾದ ವೇಷ ಅದು. ಎಲ್ಲ ಕಾಲೇಜಿನವರೂ ಅದನ್ನೇ ಮಾಡುತ್ತಾರೆ. ನಮ್ಮ ಕಡೆಯ ಹೆಂಗಸರು ಆಗ ಹೇಗಿದ್ದರು ಅನ್ನೋದು ನಮ್ಮ ಮನೆ ಆಲ್ಬಮ್‌ನಲ್ಲೇ ಇದೆಯಲ್ಲ, ಅಲ್ಲಿಂದ ಶುರು ಮಾಡು. ಸುಮ್ನೆ ‘ಎಪ್ಪತ್ತರ ದಶಕ’ ಅಂದರೆ ಸಾಲದು. ಒಂದು ಇಸವಿ ಹಿಡಿ, ಒಂದು ಸಂದರ್ಭ ಹಿಡಿ. 1975, ಸಂಕ್ರಾಂತಿಯ ಮಾರನೇ ದಿನ, ಅಕ್ಕತಂಗಿಯರು ತೋಟದ ಮನೆಗೆ ಬಂದಿದ್ದಾರೆ, ಯಾರೋ ಕ್ಯಾಮೆರಾ ತಂದಿದ್ದಾರೆ. ಇಷ್ಟು ಗಟ್ಟಿ ಮಾಡಿಕೊಂಡರೆ ಸೀರೆ ಯಾವುದು, ಜಾಗ ಯಾವುದು, ಬೈಕು ಇರಬೇಕಾ ಬೇಡವಾ ಅನ್ನೋದೆಲ್ಲ ತಾನಾಗೇ ತೀರ್ಮಾನ ಆಗುತ್ತದೆ.

ಅಜ್ಜಿ ತಮ್ಮ ತವರಿನ ಜಗಲಿ ಮುಂದೆ ನಿಂತಿರುವ ಫೋಟೋ ಇದೆಯಲ್ಲ, ಕಪ್ಪು ಹಾಳೆಯ ಆಲ್ಬಮ್‌ನಲ್ಲಿ, ನಾಲ್ಕು ಮೂಲೆಗೂ ಪುಟ್ಟ ಕಾರ್ನರ್ ಸಿಕ್ಕಿಸಿರೋದು. ಅದನ್ನು ಇವತ್ತು ಬೆಳಕಿನಲ್ಲಿಟ್ಟು ನೋಡಿದೆ. ರವಿಕೆ ತೋಳು ಮೊಣಕೈವರೆಗೆ. ಸೆರಗು ಬಲಗಡೆಯಿಂದ ಸುತ್ತಿ ಬಂದು ಸೊಂಟಕ್ಕೆ ಸಿಕ್ಕಿಸಿದೆ. ನೆರಿಗೆ ಈಗಿನ ಥರ ಇಸ್ತ್ರಿ ಮಾಡಿ ಪಿನ್ನು ಹಾಕಿದ ಹಾಗಿಲ್ಲ, ಸಡಿಲವಾಗಿದೆ. ವಾಚಿನ ಮುಖ ಮಣಿಕಟ್ಟಿನ ಒಳಗಡೆ ತಿರುಗಿದೆ. ಕನಕಾಂಬರ ಒಂದೇ ಬದಿಗೆ ಇಳಿದಿದೆ. ನೆಲದ ಮೇಲೆ, ಫೋಟೋದ ಕೆಳಗಿನ ಅಂಚಿನಲ್ಲಿ, ಫೋಟೋ ತೆಗೆದವರ ನೆರಳು ಬಿದ್ದಿದೆ! ಆಗ ಸೂರ್ಯನಿಗೆ ಬೆನ್ನು ಹಾಕಿ ನಿಂತು ತೆಗೆಯೋದೇ ರೂಢಿ, ಅದಕ್ಕೇ ಎಲ್ಲರೂ ಕಣ್ಣು ಸ್ವಲ್ಪ ಕಿರಿದು ಮಾಡಿರುತ್ತಾರೆ. ಕಪ್ಪುಬಿಳುಪು ಫೋಟೋ, ಬಣ್ಣ ಗೊತ್ತಾಗಲ್ಲ, ಹಾಗಾಗಿ ಅಜ್ಜಿಯನ್ನೇ ಕೇಳಿದೆ. ತಕ್ಷಣ ಹೇಳಿದರು: ‘ಗಿಳಿಹಸಿರು, ಮೆರೂನ್ ಅಂಚು, ನೈಲೆಕ್ಸ್.’ ನೈಲೆಕ್ಸ್ ಅಂದರೆ ಆಗಿನ ನೈಲಾನ್ ಸೀರೆ. ನೋಡು, ಮನೆಯಲ್ಲೇ ಇಷ್ಟು ಸಿಗುತ್ತದೆ.

ಆ ಫೋಟೋ ಚೌಕ ಇದೆ, ಸುತ್ತ ಬಿಳಿ ಅಂಚಿದೆ. ಆಗ ಹೆಚ್ಚಾಗಿ ಕಾಣುತ್ತಿದ್ದ ಆಗ್ಫಾ ಕ್ಲಿಕ್ 3 ಥರದ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೋ, ಅಷ್ಟೇ. ಹಾಳು ಮಾಡೋ ಹಾಗಿರಲಿಲ್ಲ. ಅದಕ್ಕೇ ಎಲ್ಲರೂ ಸಾಲಾಗಿ, ತಲೆಯಿಂದ ಕಾಲಿನವರೆಗೆ ಬರುವ ಹಾಗೆ, ಕ್ಯಾಮೆರಾನೇ ನೋಡುತ್ತಾ ನಿಂತಿರೋದು. ಬಿದ್ದು ನಗೋದು, ತಿರುಗಿ ಸೆರಗು ಹಾರಿಸೋದು, ಅದೆಲ್ಲ ಈಗಿನ ಪೋಸು. ನೀವೂ 12 ಫ್ರೇಮು ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ, ಯಾರು ಎಲ್ಲಿ ಕೂರಬೇಕು, ಕೈ ಎಲ್ಲಿರಬೇಕು ಅಂತ. ಫೋನಿನಲ್ಲಿ ಮುನ್ನೂರು ಹೊಡೆದು ಆಮೇಲೆ ಆರಿಸೋಣ ಅಂದರೆ ಆ ಕಾಲದ ನಿಲುವು ಬರೋದೇ ಇಲ್ಲ.

ಜಾಗದ ವಿಷಯಕ್ಕೆ ಬಂದರೆ ಬೇಲೂರು ಬೇಡ. ಪೂಜೆ ನಡೆಯೋ ಗುಡಿ ಅದು, ಪುರಾತತ್ವ ಇಲಾಖೆಯ ಸ್ಮಾರಕವೂ ಹೌದು, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಬಂದಿದೆ. ಟ್ರೈಪಾಡ್ ಇಡಬೇಕಾದರೆ ಅನುಮತಿ ಬೇಕು. ಅದಕ್ಕಿಂತ ಜಾಸ್ತಿ, ಹೊಯ್ಸಳರ ಶಿಲ್ಪದ ಮುಂದೆ ನೈಲೆಕ್ಸ್ ಸೀರೆಯನ್ನು ಯಾರು ನೋಡುತ್ತಾರೆ? ಶಿಲಾಬಾಲಿಕೆಯೇ ಗೆಲ್ಲುತ್ತಾಳೆ. ನಿನ್ನ ಗೆಳತಿ ಶೆಟ್ಟಿಹಳ್ಳಿ ಚರ್ಚ್ ಅಂದಳಂತೆ. ಚಂದ ಇದೆ, ಒಪ್ಪುತ್ತೇನೆ. ಆದರೆ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದಿದ್ದು 1979ರಲ್ಲಿ, ಚರ್ಚು ನೀರಿಗೆ ಸಿಕ್ಕಿ ಪಾಳು ಬಿದ್ದಿದ್ದು ಆ ಹಿನ್ನೀರಿನಿಂದ. 1975 ಅಂತ ಹೇಳಿ ಪಾಳು ಗೋಡೆ ತೋರಿಸಿದರೆ ಕಾಲವೇ ಕೂಡಲ್ಲ. ಚಿಕ್ಕಮಗಳೂರು ರೈಲ್ವೆ ಸ್ಟೇಷನ್ನೂ ಅಷ್ಟೇ, ಅಲ್ಲಿಗೆ ರೈಲು ಬಂದಿದ್ದೇ 2013ರಲ್ಲಿ.

ಮೂಡಿಗೆರೆಯ ದೊಡ್ಡಪ್ಪನ ಮನೆ ಇರುವಾಗ ಬೇರೆ ಯಾಕೆ? ಮಂಗಳೂರು ಹೆಂಚು, ಮರದ ಕಂಬ, ರೆಡ್ ಆಕ್ಸೈಡ್ ನೆಲ, ಸರಳಿನ ಕಿಟಕಿ, ಎಲ್ಲ ಹಾಗೇ ಇದೆ. ಜನವರಿಯಲ್ಲಿ ಕಣದ ತುಂಬ ಕಾಫಿ ಹಣ್ಣು ಒಣಗುತ್ತಿರುತ್ತದೆ. ಅದರ ಪಕ್ಕ ನಿಂತುಕೊಳ್ಳಿ, ಮೇಲೆ ಹತ್ತಬೇಡಿ, ದೊಡ್ಡಪ್ಪನಿಗೆ ಅದು ವರ್ಷದ ದುಡಿಮೆ. ಕೆಲಸ ಮಾಡುವ ಅಕ್ಕಂದಿರನ್ನು ಹಿನ್ನೆಲೆಗೆ ಇರಲಿ ಅಂತ ಕೇಳದೆ ಫೋಟೋಗೆ ಸೇರಿಸಬೇಡಿ. ದೊಡ್ಡಪ್ಪಾ, ಜಗಲಿಯ ಡಿಶ್ ಟಿವಿ ವೈರು, ಪ್ಲಾಸ್ಟಿಕ್ ಚೇರು, ನೀಲಿ ಡ್ರಮ್ಮು ಇವನ್ನು ಒಂದು ದಿನ ಪಕ್ಕಕ್ಕಿಡಲು ನಿಮ್ಮ ಒಪ್ಪಿಗೆ ಬೇಕು.

ದೊಡ್ಡಮ್ಮ, ಸೀರೆ ಬಗ್ಗೆ ನೀವು ಹೇಳಿದ್ದು ಸರಿಯೇ. ಹಳೇ ರೇಷ್ಮೆ ಮಡಿಕೆ ಬಿದ್ದ ಕಡೆಯೇ ಸೀಳುತ್ತದೆ, ಪಿನ್ನು ಚುಚ್ಚಿದರೆ ಹರಿದು ಬರುತ್ತದೆ. ಆದರೆ ಈ ಫೋಟೋಗೆ ರೇಷ್ಮೆಯೇ ಬೇಕಿಲ್ಲ. ಹಬ್ಬದ ಮಾರನೇ ದಿನ ಅಂದರೆ ನೈಲೆಕ್ಸ್, ವಾಯಿಲ್, ಒಂದೆರಡು ಕಾಟನ್. ಅಜ್ಜಿ ಟ್ರಂಕಿನಲ್ಲಿ ಅವು ಬೇಕಾದಷ್ಟಿವೆ, ಅವು ಗಟ್ಟಿ. ನುಸಿಗುಳಿಗೆ ವಾಸನೆ ಹೋಗಲು ಎರಡು ದಿನ ನೆರಳಲ್ಲಿ ಹರವಿದರೆ ಸಾಕು. ಸೆಂಟು ಹೊಡೆಯಬಾರದು, ಕಲೆ ಆಗುತ್ತದೆ. ನೈಲೆಕ್ಸ್‌ಗೆ ಇಸ್ತ್ರಿ ಪೆಟ್ಟಿಗೆ ಕಾದಿರಬಾರದು, ಮೇಲೆ ಬಟ್ಟೆ ಹಾಕಿ ಆಡಿಸಬೇಕು.

ಪುಟ್ಟಿ, ದುಡ್ಡು ಖರ್ಚು ಮಾಡುವುದಾದರೆ ಬ್ಲೌಸಿಗೆ ಮಾಡು. ಹಳೇ ಸೀರೆಗೆ ಈಗಿನ ಬ್ಲೌಸ್ ಹಾಕಿದರೆ ಎಲ್ಲ ಕೆಟ್ಟಿತು ಅಂತಲೇ ಲೆಕ್ಕ. ಟು ಬೈ ಟು ರುಬಿಯಾ ಅನ್ನೋ ಬ್ಲೌಸ್ ಬಟ್ಟೆ ತೆಗೆದುಕೊಂಡು ಟೈಲರ್‌ಗೆ ಬಿಡಿಸಿ ಹೇಳು: ತೋಳು ಮೊಣಕೈಗಿಂತ ಸ್ವಲ್ಪ ಮೇಲೆ, ಬೆನ್ನು ಮುಚ್ಚಿರಬೇಕು, ಹುಕ್ಕು ಮುಂದೆ, ಪ್ಯಾಡ್ ಬೇಡ, ಹಿಂದೆ ದಾರ ಕಟ್ಟಿ ಗೊಂಡೆ ಬಿಡೋದು ಬೇಡವೇ ಬೇಡ. ಸ್ವಲ್ಪ ಸಿನಿಮಾ ಛಾಯೆ ಬೇಕು ಅಂದರೆ ಆಗಿನ ಕಲ್ಪನಾ, ಆರತಿ, ಭಾರತಿ ಅವರ ಚಿತ್ರಗಳನ್ನು ನೋಡಿ ಕತ್ತಿನ ಶೇಪು ಒಬ್ಬಳಿಗೆ ಮಾತ್ರ ಹೊಲಿಸು. ಪ್ರತಿ ಮನೆಯಲ್ಲೂ ಅಂಥ ಒಬ್ಬಳು ತಂಗಿ ಇದ್ದೇ ಇರುತ್ತಿದ್ದಳು ಅಲ್ವಾ. ಅವಳಿಗೇ ಹಿಂದಿನ ಕೂದಲು ಬಾಚಿ ಎತ್ತರದ ಪಫ್ ಹಾಕಿ. ಉಳಿದವರಿಗೆ ಎಣ್ಣೆ ಹಚ್ಚಿದ ಕೂದಲು, ಒಂದೇ ಜಡೆ, ಉದ್ದ ಸಾಲದಿದ್ದರೆ ಚೌರಿ. ಮುಖಕ್ಕೆ ಪೌಡರ್, ಕಾಡಿಗೆ, ದುಂಡು ಕುಂಕುಮ. ಹುಬ್ಬು ತಿದ್ದಿದ್ದು ಕಾಣಲಿ ಪರವಾಗಿಲ್ಲ, ಉಗುರಿನ ಜೆಲ್ ಪಾಲಿಶ್ ಮಾತ್ರ ತೆಗೆದುಬಿಡಿ.

ಮಾವ, ನಿಮ್ಮ ಯೆಜ್ಡಿ ಬೈಕು ಬೇಕೇ ಬೇಕು. ಮೈಸೂರಿನ ಐಡಿಯಲ್ ಜಾವಾದವರು ಯೆಜ್ಡಿ ಹೆಸರು ಇಟ್ಟಿದ್ದು 1973ರಲ್ಲಿ, ಹಾಗಾಗಿ ನಮ್ಮ 1975ಕ್ಕೆ ಸರಿಹೋಗುತ್ತದೆ. 1968 ಅಂದಿದ್ದರೆ ಅದನ್ನು ಶೆಡ್ಡಿನಲ್ಲೇ ಬಿಡಬೇಕಿತ್ತು. ಅಜ್ಜನ ಕೀ ಕೊಡುವ ಎಚ್‌ಎಂಟಿ ವಾಚನ್ನು ಹುಡುಗಿಯರಲ್ಲೊಬ್ಬಳು ಅಜ್ಜಿ ಫೋಟೋದಲ್ಲಿದ್ದ ಹಾಗೇ ಒಳಗಡೆ ಮುಖ ಮಾಡಿ ಕಟ್ಟಿಕೊಳ್ಳಲಿ. ತಮ್ಮನೂ ಬರುತ್ತೇನೆ ಅಂತಿದ್ದಾನೆ. ಅವನ ಹಳೇ ಪ್ಯಾಂಟಿನ ಮೊಣಕಾಲಿನಿಂದ ಕೆಳಗೆ ಹೊಲಿಗೆ ಬಿಚ್ಚಿಸಿ ತ್ರಿಕೋನದ ಪೀಸ್ ಇಡಿಸಿದರೆ ಬೆಲ್ ಬಾಟಮ್ ಆಯಿತು, ಹೊಸದು ಕೊಳ್ಳೋದು ದಂಡ.

ಇನ್ನು ಫೋನು. ವೈಡ್ ಲೆನ್ಸ್ ಬೇಡ, ಅಂಚಿನಲ್ಲಿ ನಿಂತವರ ಮುಖ ಎಳೆದ ಹಾಗೆ ಬರುತ್ತದೆ. ಹಿಂದೆ ಸರಿದು ಎರಡು ಪಟ್ಟು ಝೂಮ್ ಇಟ್ಟು ತೆಗಿ. ಪೋರ್ಟ್ರೇಟ್ ಬ್ಲರ್ ಆಫ್ ಮಾಡು, ಆ ಕ್ಯಾಮೆರಾಗಳಲ್ಲಿ ಹಿಂದಿನ ಕಂಬವೂ ಸುಮಾರಾಗಿ ಸ್ಪಷ್ಟವಾಗೇ ಬೀಳುತ್ತಿತ್ತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಂಜು ಕರಗಿ ಬಿಸಿಲು ಜಗಲಿಗೆ ಓರೆಯಾಗಿ ಬರುತ್ತದೆ, ಆಗಲೇ ಮುಗಿಸಿ. ಕಪ್ಪುಬಿಳುಪು ಮಾಡುವುದಾದರೆ ಒಂದು ಎಚ್ಚರ: ಕೆಂಪು ಮತ್ತು ಎಲೆಹಸಿರು ಎರಡೂ ಒಂದೇ ಬೂದಿ ಬಣ್ಣ ಆಗಿಬಿಡಬಹುದು. ಹಿಂದಿನ ದಿನವೇ ಸೀರೆಗಳನ್ನು ಮೋನೋದಲ್ಲಿ ಹಾಕಿ ನೋಡು, ಅಂಚು ಕಾಣದಿದ್ದರೆ ಬೇರೆ ಸೀರೆ.

ಕಲರ್ ಬೇಕು ಅಂದರೆ ಹಳದಿ ಫಿಲ್ಟರ್ ಸುರಿಯಬೇಡ. ದೊಡ್ಡಮ್ಮನ ಮದುವೆ ಆಲ್ಬಮ್ ನೋಡು, ಎಲ್ಲ ಕೆಂಪಗೆ ತಿರುಗಿದೆ. ಆಗಿನ ಕಲರ್ ಪ್ರಿಂಟು ಆಲ್ಬಮ್ ಮುಚ್ಚಿಟ್ಟಿದ್ದರೂ ಅದರ ನೀಲಿಹಸಿರು ಬಣ್ಣ ಮೊದಲು ಮಾಸುತ್ತದೆ, ಉಳಿಯೋದು ಕೆಂಪು. ಹಾಗಾಗಿ ಕಪ್ಪನ್ನು ಸ್ವಲ್ಪ ತಿಳಿ ಮಾಡು, ಕಾಂಟ್ರಾಸ್ಟ್ ಇಳಿಸು, ಒಂದೇ ಒಂದು ಚೂರು ಕೆಂಪು ಸೇರಿಸು, ನಿಲ್ಲಿಸು. ಕೊನೆಗೆ ಸ್ಟುಡಿಯೋದಲ್ಲಿ ಚೌಕಕ್ಕೆ, ಬಿಳಿ ಅಂಚು ಬಿಟ್ಟು ಮ್ಯಾಟ್ ಪ್ರಿಂಟು ಹಾಕಿಸು. ಫೆಸ್ಟಿನಲ್ಲಿ ಗೋಡೆಗೆ ಅಂಟಿಸುವ ಬದಲು ಕಪ್ಪು ಹಾಳೆಯ ಆಲ್ಬಮ್ ಮಾಡಿ ಟೇಬಲ್ ಮೇಲಿಡಿ, ಜನ ಕೂತು ತಿರುವಿ ನೋಡಲಿ.

ನಾನು ಶನಿವಾರ ಸಂಜೆ ಹಾಸನದಿಂದ ಸೀರೆ, ಚೌರಿ, ವಾಚು ಎಲ್ಲ ತೆಗೆದುಕೊಂಡು ಸೀದಾ ಮೂಡಿಗೆರೆಗೆ ಬರುತ್ತೇನೆ. ಅಜ್ಜಿನೂ ಬರುತ್ತಾರಂತೆ, ಸೆರಗು ಹೇಗೆ ಸಿಕ್ಕಿಸಬೇಕು ಅಂತ ಅವರೇ ತೋರಿಸುತ್ತಾರೆ, ಹಾಗಾಗಿ ಮಾವ ಕಾರು ತರಬೇಕು, ಯೆಜ್ಡಿಯನ್ನು ತಮ್ಮ ಓಡಿಸಿಕೊಂಡು ಬರಲಿ. ಪುಟ್ಟಿ, ನೀನು ನಾಳೆಯೇ ಟೈಲರ್ ಹತ್ತಿರ ಹೋಗು, ಸಂಕ್ರಾಂತಿ ಹತ್ತಿರ ಬಂದರೆ ಅವರು ಹೊಸ ಬಟ್ಟೆ ತೆಗೆದುಕೊಳ್ಳಲ್ಲ. ಮಾದರಿಗೆ ಅಜ್ಜಿಯ ಹಳೇ ರವಿಕೆಯ ಫೋಟೋ ಕಳಿಸುತ್ತಿದ್ದೇನೆ, ಅದನ್ನೇ ತೋರಿಸು.